ನಾಲ್ಕು ಊರಿನ ಒಂದೇ ಕಾರು

ನಮ್ಮ ಭಾವನ ಹತ್ತಿರ ಇರುವಷ್ಟು ಕಾರುಗಳು ಬಾಗಲಗುಂಟೆಯಲ್ಲಿ ಇನ್ನು ಯಾರ ಹತ್ತಿರವೂ ಇಲ್ಲ. ಬಾಗಲಗುಂಟೆ ಯಾಕೆ, ಇಡೀ ಬೆಂಗಳೂರಿನಲ್ಲೇ ಇರಲಿಕ್ಕಿಲ್ಲ. ಮಡಿಚುವ ಟಾಪಿನವು, ಹಿತ್ತಾಳೆ ಹಾರನ್ನಿನವು, ಬಾಗಿಲ ಕೆಳಗೆ ಮೆಟ್ಟಿಲಿರುವವು, ಸ್ಟೆಪ್ನಿಯನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡವು. ಇಷ್ಟೊಂದು ಕಾರುಗಳನ್ನು ಎಲ್ಲಿ ನಿಲ್ಲಿಸುತ್ತಾರೆ ಎಂದು ನೀವು ಕೇಳುವುದು ನ್ಯಾಯವೇ. ಆ ಬೀದಿಯಲ್ಲಿ ಒಂದು ಸ್ಕೂಟರ್ ನಿಲ್ಲಿಸಬೇಕಾದರೂ ಎದುರು ಮನೆಯವರ ಜತೆ ಜಗಳವಾಡಬೇಕು. ಭಾವನಿಗೆ ಆ ತಾಪತ್ರಯವಿಲ್ಲ. ಅವರ ಕಾರುಗಳೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ ಹಿಡಿಯುತ್ತವೆ!

ಹೌದು, ಎಲ್ಲವೂ ಫೋಟೋಗಳು. ಮುತ್ತಾತಂದಿರ ಕಾಲದ, ಅಂಚು ಹಳದಿಗಟ್ಟಿದ, ಮೂಲೆ ಮುರಿದ ಫೋಟೋಗಳು. ಪ್ರತಿಯೊಂದರಲ್ಲೂ ಒಂದು ಕಾರು, ಅದರ ಪಕ್ಕ ಪೇಟ ಸುತ್ತಿಕೊಂಡು ಉಸಿರು ಬಿಗಿಹಿಡಿದು ನಿಂತ ಒಬ್ಬ ಮನುಷ್ಯ, ಹಿಂದೆ ಒಂದು ಮಣ್ಣಿನ ರಸ್ತೆ. ಮುಚ್ಚಿಹೋಗುತ್ತಿರುವ ಸ್ಟುಡಿಯೋಗಳಿಂದ, ಗುಜರಿ ಅಂಗಡಿಗಳಿಂದ, ಹಳೆಯ ಮನೆ ಕೆಡವುವವರಿಂದ ಬೇಡಿ ತಂದದ್ದು. ಅದರಲ್ಲಿ ಒಬ್ಬರೂ ನಮ್ಮ ನೆಂಟರಲ್ಲ. ಕಾರಿನ ಮೇಲೆ ಇಷ್ಟು ಪ್ರಾಣ ಬಿಡುವವರಿಗೆ ಕಾರು ಓಡಿಸಲು ಬರುತ್ತದೆಯೇ? ಬರುವುದಿಲ್ಲ! ಅದಕ್ಕೆಂದೇ ದೇವರು ಹೆಂಡತಿಯ ತಂಗಿ ಅಂತ ಒಬ್ಬಳನ್ನು ಸೃಷ್ಟಿಸಿ, ಅವಳಿಗೆ ಒಂದು ಸಣ್ಣ ಕಾರನ್ನೂ ಡ್ರೈವಿಂಗ್ ಲೈಸೆನ್ಸನ್ನೂ ಕೊಟ್ಟು, ಮಾರತ್ತಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಇಟ್ಟಿದ್ದಾನೆ. ಆ ನತದೃಷ್ಟೆ ನಾನೇ.

ಭಾವ ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅಂದರೆ ಬೇರೆಯವರು ಬೆವರು ಸುರಿಸಿ ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಪಡೆದವರು. ಸಂಬಳ ನಿಂತಿತು, ಕೆಲಸ ನಿಲ್ಲಲಿಲ್ಲ. ಇಡ್ಲಿ ತಟ್ಟೆಗೆ ಬಿದ್ದರೆ ಮೊದಲು ಕಣ್ಣಿನ ಮಟ್ಟಕ್ಕೆ ಎತ್ತಿ ಒಂದು ಪಕ್ಕ ತೆಳ್ಳಗಾಗಿದೆಯೇ ಎಂದು ನೋಡುತ್ತಾರೆ. ನಮ್ಮ ಚಿಕ್ಕಪ್ಪನ ಮಗನ ಮದುವೆ ಆಲ್ಬಂ ಬಂದಾಗ ಎಲ್ಲರೂ ಹುಡುಗಿಯ ಸೀರೆ ನೋಡಿದರೆ, ಇವರು ಜೇಬಿನಿಂದ ಭೂತಗನ್ನಡಿ ತೆಗೆದು, ತಾಳಿ ಕಟ್ಟುವ ಫೋಟೋದ ಹಿಂದೆ ಗೋಡೆಯ ಮೇಲಿದ್ದ ಗಡಿಯಾರ ನೋಡಿದರು. "ಮುಹೂರ್ತ ದಾಟಿ ರಾಹುಕಾಲ ಶುರುವಾಗಿದೆ ಕಣ್ರೋ!" ಎಂದು ಸಂತೋಷದಿಂದ ಘೋಷಿಸಿದರು. ಆ ಮನೆಯವರು ಇವತ್ತಿಗೂ ಅತ್ತೆ ಸೊಸೆ ಜಗಳವಾಡಿದಾಗಲೆಲ್ಲ ನಮ್ಮ ಭಾವನನ್ನೇ ಬೈಯುತ್ತಾರೆ.

ಮನೆಯ ಹಾಲಿನ ಗೋಡೆಯ ಮೇಲೂ ಇಂಥ ಅಪರಿಚಿತರನ್ನು ಸಾಲಾಗಿ ತೂಗುಹಾಕಿದ್ದಾರೆ. ಗಣೇಶನ ಹಬ್ಬಕ್ಕೆ ಬಂದ ನೆಂಟರೊಬ್ಬರು, ಯಾರೋ ಹಿರಿಯರು ಪಾಪ ಎಂದು, ಒಂದು ದಪ್ಪ ಮೀಸೆಯ ಫೋಟೋಗೆ ಹೂವಿನ ಹಾರ ಹಾಕಿ ಕೈಮುಗಿದರು. ಮರುವರ್ಷವೂ ಹಾಕಿದರು. ಈಗ ಅದೇ ಪದ್ಧತಿಯಾಗಿದೆ.

"ಯಾರದೋ ಮಾವನಿಗೆ ನಾನು ಪಕ್ಷದ ಎಡೆ ಇಡ್ತಾ ಇದೀನಿ ಕಣೇ," ಎಂದು ಅಕ್ಕ ನನ್ನ ಹತ್ತಿರ ಅಲವತ್ತುಕೊಂಡಳು. "ಬಿಟ್ರೆ ಏನಾದ್ರೂ ಆದೀತು ಅಂತ ಭಯ. ನಮ್ಮ ಮಾವನಿಗೂ ಇಷ್ಟು ಶ್ರದ್ಧೆಯಿಂದ ಮಾಡಿಲ್ಲ!"

ಫೋಟೋಗಳನ್ನು ನೋಡಿಕೊಂಡು ತೆಪ್ಪಗೆ ಮನೆಯಲ್ಲಿ ಕೂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಭಾವನಿಗೆ ಆ ಫೋಟೋ ತೆಗೆದ ಜಾಗದಲ್ಲೇ ಹೋಗಿ ನಿಲ್ಲಬೇಕು. ಒಂದು ಭಾನುವಾರ ಬೆಳಿಗ್ಗೆ ಮೂರು ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಫೋಟೋ. ಹಿಂದೆ ಪೆನ್ಸಿಲ್ಲಿನಲ್ಲಿ 'ಮಾರತ್ತಹಳ್ಳಿ ದಾರಿ' ಎಂದು ಯಾರೋ ಬರೆದಿದ್ದಾರೆ. ಎರಡೂ ಬದಿ ಮರಗಳು, ನಡುವೆ ಗಾಡಿಯ ಚಕ್ರ ಕೊರೆದ ಮಣ್ಣುದಾರಿ, ಎದುರುಬದುರಾಗಿ ನಿಂತ ಒಂದು ಕಾರು ಮತ್ತು ಒಂದು ಎತ್ತಿನಗಾಡಿ. ಕಾರು ನೋಡಿ ಬೆದರದಿರಲಿ ಎಂದು ಗಾಡಿಯವನು ತನ್ನ ಹೆಗಲ ವಸ್ತ್ರವನ್ನು ಎತ್ತಿನ ಕಣ್ಣಿಗೆ ಅಡ್ಡ ಹಿಡಿದಿದ್ದಾನೆ. ಫೋಟೋ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಜಾಗ ಹುಡುಕುತ್ತೇನೆಂದು ಈ ಮನುಷ್ಯ ರಿಂಗ್ ರೋಡಿನ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಇಳಿದು, ಫೋಟೋವನ್ನು ಮುಖದ ಮುಂದೆ ಹಿಡಿದು, ಹಿಮ್ಮುಖವಾಗಿ ನಡೆಯತೊಡಗಿದರೆ ನಾನೇನು ಮಾಡಲಿ? ಹಿಂದಿನಿಂದ ಬಂದ ಬಸ್ಸು ಕಿರ್ರನೆ ನಿಂತಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಊರಿಗೆ ಊರೇ.

ಟ್ರಾಫಿಕ್ ಪೊಲೀಸರೊಬ್ಬರು ಸೀಟಿ ಊದುತ್ತ ಓಡಿ ಬಂದರು. "ಏನ್ ಸಾರ್ ಮಾಡ್ತಾ ಇದೀರಾ ನಡುರಸ್ತೇಲಿ?"

"ರಸ್ತೆ ಹುಡುಕ್ತಾ ಇದೀನಿ," ಎಂದರು ಭಾವ, ಫೋಟೋ ತೋರಿಸುತ್ತ.

ಅವರು ಫೋಟೋ ನೋಡಿದರು. ಆಮೇಲೆ ಕಣ್ಣಿಗೆ ಕಾಣುವಷ್ಟು ದೂರ ನಿಂತಿದ್ದ ವಾಹನಗಳನ್ನು ನೋಡಿದರು. ಆಮೇಲೆ ಬಹಳ ದಣಿದ ದನಿಯಲ್ಲಿ, "ನಾವೂ ಅದನ್ನೇ ಹುಡುಕ್ತಾ ಇದೀವಿ ಸಾರ್. ಸಿಕ್ಕಿದ್ರೆ ನಮ್ಗೂ ಹೇಳಿ. ಈಗ ದಯವಿಟ್ಟು ಗಾಡಿ ಹತ್ತಿ," ಎಂದರು.

ಮನೆಗೆ ಹಿಂತಿರುಗುವಾಗ ಭಾವ ಒಂದೇ ಮಾತು ಹೇಳಿದರು: "ಆ ಎತ್ತಿನಗಾಡಿಯವನು ನಮ್ಗಿಂತ ಮುಂಚೆ ಊಟಕ್ಕೆ ಮನೆ ಸೇರಿದ್ದ ಕಣೇ ಪದ್ಮ."

ಆಮೇಲೆ ಇನ್ನೊಂದು ಹುಚ್ಚು ಹಿಡಿಯಿತು. ಫೋಟೋಗಳನ್ನು ಆಯಾ ಮನೆಯವರಿಗೆ ಹಿಂತಿರುಗಿಸುವುದು! ಪುಣ್ಯದ ಕೆಲಸ ಎಂದು ನಾನೂ ಮೊದಲು ಒಪ್ಪಿದೆ. ವರ್ತೂರಿನ ಆಚೆ ಒಂದು ಹಳ್ಳಿ. ಹಳ್ಳಿ ಎಂದರೆ ಈಗ ಲೇಔಟು, ಲೇಔಟಿನ ನಡುವೆ ಸಿಕ್ಕಿಕೊಂಡ ಹಳೆಯ ಮನೆಗಳು. ವಿಚಾರಿಸಿಕೊಂಡು ಹೋಗಿ ಬಾಗಿಲು ತಟ್ಟಿದೆವು. ಬಂದಾತ ಫೋಟೋ ನೋಡಿದ. ಕಾರಿನ ಪಕ್ಕ ಅವನ ತಾತ, ತಾತನ ಹಿಂದೆ ಒಂದು ಬಾವಿ, ಬಾವಿಯ ಹಿಂದೆ ಕಣ್ಣು ಹಾಯುವಷ್ಟು ದೂರ ಹೊಲ. ಕಣ್ಣು ತುಂಬಿ ಬರುತ್ತದೆ, ಕಾಫಿ ಬರುತ್ತದೆ ಎಂದುಕೊಂಡಿದ್ದೆವು.

"ಯಾವ್ ಲಾಯ್ರು ಕಳ್ಸವ್ರೆ ನಿಮ್ಮನ್ನ?" ಎಂದ ಆತ.

ಬೆಂಗಳೂರಿನ ಹೊರವಲಯದಲ್ಲಿ ಅಪರಿಚಿತರು ನಿಮ್ಮ ತಾತನ ಫೋಟೋ ಹಿಡಿದುಕೊಂಡು ಬಂದರೆ ಅದಕ್ಕೆ ಒಂದೇ ಅರ್ಥ, ಜಮೀನಿನ ಕೇಸು, ಎನ್ನುವುದು ನಮಗೆ ಹೊಳೆದಿರಲೇ ಇಲ್ಲ! "ಇದು ನಮ್ ತಾತನೇ ಅಲ್ಲ," ಎಂದು ಆತ ಆಣೆ ಇಟ್ಟ. ಫೋಟೋದಲ್ಲಿದ್ದ ಮೂಗೇ ಆತನ ಮುಖದ ನಡುವೆ ಕೂತಿತ್ತು. ಅಷ್ಟರಲ್ಲಿ ಎದುರು ಮನೆಯಿಂದ ಅವನ ಅಣ್ಣ ಬಂದ. ಫೋಟೋ ಕಸಿದು ನೋಡಿ, "ಇದು ನಮ್ ತಾತನೇ! ಬಾವಿ ನಮ್ ಭಾಗಕ್ಕೆ ಸೇರಿದ್ದು ಅಂತ ನಾನು ಅವತ್ತೇ ಬಡ್ಕೊಂಡೆ!" ಎಂದು ಕೂಗಿದ. ತಮ್ಮ ಅವನ ಕಾಲರ್ ಹಿಡಿದ. ಹೆಂಗಸರು ಹೊರಬಂದರು. ನಾನು ಕಾರು ಸ್ಟಾರ್ಟ್ ಮಾಡಿದೆ. ಭಾವ ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ, "ಇಬ್ರ ಮೂಗೂ ನೋಡು, ಒಂದೇ ಅಚ್ಚಲ್ಲಿ ಎರಕ ಹೊಯ್ದ ಹಾಗಿದೆ!" ಎನ್ನುತ್ತಿದ್ದರು.

ಇಷ್ಟಾದ ಮೇಲೆ ಅವರ ಜತೆ ಎಲ್ಲಿಗೂ ಹೋಗುವುದಿಲ್ಲ ಎಂದು ನಿಶ್ಚಯಿಸಿದ್ದೆ. ಆದರೆ ಮಗಳ ಮದುವೆ ಮಾತುಕತೆಗೆ ದೊಡ್ಡಪ್ಪನನ್ನು ಬಿಟ್ಟು ಹೋಗುವುದಕ್ಕೆ ಆಗುತ್ತದೆಯೇ?

ನನ್ನ ಮಗಳು ಸ್ಫೂರ್ತಿ ವೈಟ್‌ಫೀಲ್ಡಿನ ಆಫೀಸಿನಲ್ಲಿ ಜತೆಗೆ ಕೆಲಸ ಮಾಡುವ ಹರೀಶನನ್ನು ಮೆಚ್ಚಿಕೊಂಡಿದ್ದಳು. ಒಳ್ಳೆಯ ಹುಡುಗ. ಮಹದೇವಪುರದ ಮೂಲ ರೈತರ ಮನೆ. ಈಗ ಹೊಲದ ಜಾಗದಲ್ಲಿ ಪಿ.ಜಿ. ಕಟ್ಟಡ ಎದ್ದಿದೆ, ಆದರೂ ಟೆಕ್ ಪಾರ್ಕಿನ ಕಾಂಪೌಂಡಿಗೆ ಆತುಕೊಂಡು ಒಂದು ಹಸು ಕಟ್ಟಿದ್ದಾರೆ. ನಮ್ಮ ಯಜಮಾನರು ಅವರ ಅಪ್ಪನ ಜತೆ ಫೋನಿನಲ್ಲಿ ಮಾತಾಡಿ ದಿನ ಗೊತ್ತುಮಾಡಿದರು. ನಾನು ಅಕ್ಕನಿಗೆ ಹೇಳಿದೆ: "ಭಾವ ಬರಲಿ. ಆದರೆ ಬಾಯಿ ಬಿಡಕೂಡದು. ಭೂತಗನ್ನಡಿಯನ್ನ ಮನೇಲಿ ಬಿಟ್ಟು ಬರಬೇಕು." ಅಕ್ಕ ಖುದ್ದಾಗಿ ಜೇಬು ತಡಕಿ ನೋಡಿದಳಂತೆ. ಕಾಲುಚೀಲ ನೋಡಿರಲಿಲ್ಲ!

ಆ ವಾರವೇ ಭಾವ ನನಗೆ ವಾಟ್ಸಾಪಿನಲ್ಲಿ ಮೂರು ಫೋಟೋ ಕಳಿಸಿದ್ದರು. ಮೂರು ಬೇರೆ ಬೇರೆ ಊರು, ಮೂರು ಬೇರೆ ಬೇರೆ ಮನೆತನ, ಮೂರರಲ್ಲೂ ಕಾರು. ಜತೆಗೆ ಫೋನ್ ಮಾಡಿ, "ಮೂರೂ ಒಂದೇ ಕಾರು ಕಣೇ!" ಎಂದು ಕೂಗಿದ್ದರು. ಮೂರರಲ್ಲೂ ಕಾರಿನ ಎಡಗಡೆ ಲೈಟಿಗೆ ಚೆಂಡುಹೂವಿನ ದಪ್ಪ ಹಾರ. ಒಂದರಲ್ಲಿ ಮಾತ್ರ ಹಾರ ಸ್ವಲ್ಪ ಜಾರಿದೆ. ಹಿಂದೆ ಲೈಟೇ ಇಲ್ಲ, ಬರೀ ಗುಳಿ! "ಒಕ್ಕಣ್ಣಿನ ಕಾರು. ಯಾರೋ ಫೋಟೋಗ್ರಾಫರ್ ಇದನ್ನ ಊರಿಂದೂರಿಗೆ ತಗೊಂಡು ಹೋಗಿದಾನೆ. ಯಾರು ಬೇಕಾದ್ರೂ ಪಕ್ಕದಲ್ಲಿ ನಿಂತು ಸಾಹುಕಾರರಾಗಬಹುದು! ಈಗ ಮೂರು ಮನೆಯವರೂ ನಮ್ಮ ತಾತನೇ ಈ ಸೀಮೆಗೆ ಮೊದಲು ಕಾರು ತಂದದ್ದು ಅಂತ ಹೇಳ್ಕೊಂಡು ಓಡಾಡ್ತಾ ಇದಾರೆ." ನಾನು ಆಗ ಒಗ್ಗರಣೆ ಹಾಕುತ್ತಿದ್ದೆ. ಹೂಂ ಹೂಂ ಎಂದು ಫೋನ್ ಇಟ್ಟೆ.

ಮಹದೇವಪುರದ ಮನೆಯ ಹಾಲಿಗೆ ಕಾಲಿಟ್ಟೆವು. ಎದುರು ಗೋಡೆ ಪೂರ್ತಿ ಒಂದೇ ಫೋಟೋ. ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಸುತ್ತ ಬಣ್ಣದ ಸೀರಿಯಲ್ ಲೈಟು ಬೇರೆ. ಪೇಟದ ಹಿರಿಯರೊಬ್ಬರು, ಅವರ ತೋಳಿನಲ್ಲಿ ಒಂದು ಪುಟ್ಟ ಮಗು, ಪಕ್ಕದಲ್ಲಿ ಕಾರು. ಕಾರಿನ ಎಡಗಡೆ ಲೈಟಿಗೆ ಚೆಂಡುಹೂವಿನ ಹಾರ.

ನಾನು ಅಕ್ಕನನ್ನು ಭಾವನ ಪಕ್ಕಕ್ಕೆ ತಳ್ಳಿದೆ.

"ನಮ್ ತಾತ," ಎಂದರು ಹರೀಶನ ಅಪ್ಪ ಹೆಮ್ಮೆಯಿಂದ. "ನಮ್ಮಮ್ಮನ ಅಪ್ಪ. ಈ ಸುತ್ತಮುತ್ಲಿಗೆಲ್ಲ ಮೊದಲ್ನೇ ಕಾರು ಇವ್ರದ್ದೇ. ಜನ ರೋಡಲ್ಲಿ ಎರಡೂ ಕಡೆ ನಿಂತು ಕೈ ಮುಗೀತಿದ್ರಂತೆ."

ಭಾವನ ಮುಖ ನೋಡಿದೆ. ಕೆಂಪಗಾಗಿತ್ತು. ಕೇಸರಿಬಾತು ಮುಗಿಯುವವರೆಗೆ ತಡೆದುಕೊಂಡರು, ಪಾಪ. ಉಪ್ಪಿಟ್ಟು ಮುಗಿಯುವವರೆಗೂ ತಡೆದುಕೊಂಡರು. ಅಕ್ಕ ಮೇಜಿನ ಕೆಳಗೆ ಅವರ ಮೊಣಕಾಲು ಹಿಡಿದೇ ಕೂತಿದ್ದಳು. ಕಾಫಿ ಲೋಟ ಬಂದಾಗ ಅವಳು ಅದನ್ನು ತೆಗೆದುಕೊಳ್ಳಲು ಕೈ ಬಿಟ್ಟಳು ನೋಡಿ, ಅಷ್ಟೇ ಸಾಕಾಯಿತು! ಭಾವ ಎದ್ದು ಗೋಡೆಯ ಹತ್ತಿರ ಹೋಗಿ, ಕಾಲುಚೀಲದಿಂದ ಭೂತಗನ್ನಡಿ ತೆಗೆದರು.

"ಕಾರು ನಿಮ್ದಲ್ಲ," ಎಂದರು.

ಹರೀಶನ ಅಪ್ಪ ಕಾಫಿ ಲೋಟ ಕೆಳಗಿಟ್ಟರು.

"ಇದೇ ಕಾರಿಂದು ನನ್ನ ಹತ್ರ ಇನ್ನೂ ಮೂರು ಫೋಟೋ ಇದೆ. ಬೇರೆ ಬೇರೆ ಊರಿಂದು. ಆ ಹಾರದ ಹಿಂದೆ ಲೈಟಿಲ್ಲ," ಎಂದು ಭಾವ ಉತ್ಸಾಹದಿಂದ ಮುಂದುವರಿಸಿದರು. "ಅದಿರ್ಲಿ, ಈ ಕಾರು ಓಡೋದೂ ಇಲ್ಲ! ಇಲ್ನೋಡಿ, ಚಕ್ರಕ್ಕೆ ಕಲ್ಲು ಕೊಟ್ಟಿದಾರೆ. ಮುಂದೆ ಬಂಪರಿಗೆ ಹಗ್ಗ. ಇದನ್ನ ಎತ್ತು ಕಟ್ಟಿ ಎಳ್ಕೊಂಡು ಬಂದಿದಾರೆ. ಇನ್ನೂ ಅನುಮಾನ ಇದ್ರೆ ಈ ಅಂಚಲ್ಲಿ ನೋಡಿ."

ಎಲ್ಲರೂ ಬಗ್ಗಿ ನೋಡಿದೆವು. ನೋಡಬಾರದಿತ್ತು, ಆದರೆ ನೋಡಿದೆವು. ಫೋಟೋದ ತೀರಾ ಬಲ ಅಂಚಿನಲ್ಲಿ ಏನೋ ಕಪ್ಪಗೆ ಇಳಿಬಿದ್ದಿತ್ತು.

"ಅದು ತಾತನ ಚಾಟಿ," ಎಂದರು ಹರೀಶನ ಅಪ್ಪ.

"ಬಾಲ," ಎಂದರು ಭಾವ. "ಎತ್ತಿನ ಬಾಲ. ಮಗು ಬೇರೆ ಅಲ್ಲಾಡಿಬಿಟ್ಟಿದೆ, ಮುಖ ಕಲಸಿಹೋಗಿದೆ. ಒಟ್ನಲ್ಲಿ ಫೋಟೋನೇ ರಿಜೆಕ್ಟು."

ಹರೀಶನ ಅಪ್ಪ ಎದ್ದು ನಿಂತು ಕೈಮುಗಿದರು. ಬೆಂಗಳೂರಿನಲ್ಲಿ ಕೈಮುಗಿಯುವುದರಲ್ಲಿ ಎರಡು ಬಗೆ ಇದೆ: ಬನ್ನಿ ಎನ್ನುವುದು ಒಂದು, ಹೊರಡಿ ಎನ್ನುವುದು ಇನ್ನೊಂದು. ನಮಗೆ ಸಿಕ್ಕಿದ್ದು ಎರಡನೆಯದು.

ಸ್ಫೂರ್ತಿ ಕಾರಿನಲ್ಲಿ ಕೂತು ಅತ್ತಳು. ಆಮೇಲೆ ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ನನ್ನ ಹತ್ತಿರ ಅವಳು ಹೇಳಿದ್ದು ಒಂದೇ: "ದೊಡ್ಡಪ್ಪಂಗೆ ಸುಮ್ನಿರೋಕೆ ಏನಾಗಿತ್ತಮ್ಮ?" ನನಗೇನು ಗೊತ್ತು? ಅಕ್ಕನ ಮದುವೆಯಾದಾಗಿನಿಂದ ನಾನೂ ಅದನ್ನೇ ಕೇಳುತ್ತಿದ್ದೇನೆ! ಆ ಮನೆಯಿಂದ ಫೋನಿಲ್ಲ, ಮಾತಿಲ್ಲ. ಭಾವನ ಫೋನನ್ನು ನಾನು ಎತ್ತುವುದು ಬಿಟ್ಟೆ. ಎತ್ತದಿದ್ದರೆ ಕ್ಷಮೆ ಕೇಳಿ ಮೆಸೇಜು ಹಾಕುತ್ತಾರೆ ಎಂದುಕೊಂಡೆ. ಹಾಕಿದರು. ಮೆಸೇಜಲ್ಲ, ಆ ಬಾಲವನ್ನು ದೊಡ್ಡದು ಮಾಡಿದ ಚಿತ್ರ. ಕೆಳಗೆ, "ಈಗ ಕೂದಲೂ ಕಾಣುತ್ತೆ ನೋಡು."

ನನಗೆ ಫೋನನ್ನೇ ಗೋಡೆಗೆ ಬಡಿಯಬೇಕು ಅನಿಸಿತು.

ಹೀಗಿರುವಾಗ ಒಂದು ಮಧ್ಯಾಹ್ನ ಹರೀಶ ನನಗೆ ಫೋನ್ ಮಾಡಿದ. "ಆಂಟಿ, ನಮ್ಮಜ್ಜಿ ಸರಿಯಾಗಿ ಊಟ ಮಾಡ್ತಾ ಇಲ್ಲ. ಅವತ್ತು ಅವ್ರಿಗೆ ಜ್ವರ ಇತ್ತು, ಒಳಗಡೆ ಮಲಗಿದ್ರು. ನಾನು ಆಮೇಲೆ ನಡೆದಿದ್ದೆಲ್ಲ ಹೇಳ್ಬಿಟ್ಟೆ, ಹೇಳ್ಬಾರ್ದಿತ್ತು. ಆ ಫೋಟೋದಲ್ಲಿರೋ ಮಗು ಅವ್ರೇ ಆಂಟಿ. ಕಾರು ಓಡಲ್ಲ ಅಂದೋನನ್ನ ಕರ್ಕೊಂಡು ಬನ್ನಿ ಅಂತಿದಾರೆ. ಅಪ್ಪ ಏನಂದ್ರು ಅಂದ್ರೆ... ನಿಮ್ಮ ಭಾವ ಬಂದು ಅಜ್ಜಿ ಹತ್ರ ಕಾರು ನಮ್ದೇ ಅಂತ ಒಂದು ಮಾತು ಹೇಳಿದ್ರೆ ಸಾಕು, ಬಾಕಿದ್ದೆಲ್ಲ ಮಾತಾಡೋಣ ಅಂದ್ರು."

ಒಂದು ಮಾತು! ಬೇರೆ ಯಾರಾದರೂ ಆಗಿದ್ದರೆ ಹತ್ತು ಹೇಳುತ್ತಿದ್ದರು. ನಾನು ಬಾಗಲಗುಂಟೆಗೆ ಹೋಗಿ ಭಾವನ ಎದುರು ಕೂತು ಬೇಡಿದೆ. ಅಕ್ಕ ಬೇಡಿದಳು. ಭಾವ ಎದ್ದು ಗೋಡೆಯ ಮೇಲಿನ ಮೀಸೆಯವರ ಹಾರ ಸರಿಮಾಡಿದರು.

"ಪದ್ಮ, ರಿಜೆಕ್ಟ್ ಆದ ಪೀಸಿಗೆ ಮತ್ತೆ ಓಕೆ ಅಂತ ಸೀಲ್ ಹೊಡಿ ಅಂತ ನಮ್ಮ ಮ್ಯಾನೇಜರೇ ಹೇಳಿದಾಗ ಹೊಡೀಲಿಲ್ಲ ನಾನು. ಅದಕ್ಕೇ ಪ್ರಮೋಷನ್ನೂ ಬರಲಿಲ್ಲ, ಗೊತ್ತಲ್ಲ?"

"ಇದು ಪೀಸಲ್ಲ ಭಾವ. ನನ್ನ ಮಗಳು!"

"ಬರ್ತೀನಿ. ಆಯಮ್ಮ ಕರೆದಿದಾರೆ ಅಂದ್ರೆ ಬರ್ಬೇಕು. ಆದ್ರೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ."

ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಮದುವೆಯ ಛತ್ರ, ಅಡುಗೆ, ಸೀರೆ ಎಲ್ಲವನ್ನೂ ಒಂದೊಂದಾಗಿ ಕೈಬಿಡುತ್ತ ಓಡಿಸಿದೆ.

ಅಜ್ಜಿ ಒಳಕೋಣೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ತೊಂಬತ್ತರ ಹತ್ತಿರದ ವಯಸ್ಸು, ಹಕ್ಕಿಯಷ್ಟು ಮೈ. ಒಬ್ಬಳೇ ಮಗಳೆಂದು ಮನೆ ಅಳಿಯನನ್ನು ತಂದುಕೊಂಡು ಹುಟ್ಟಿದ ಮನೆಯಲ್ಲೇ ಬಾಳಿದವರು. ಕಿಟಕಿಯ ಆಚೆ ಟೆಕ್ ಪಾರ್ಕಿನ ಗಾಜಿನ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ಹರೀಶನ ಅಪ್ಪ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಭಾವನನ್ನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂರಿಸಿದರು.

"ನೀನೇ ಏನಪ್ಪ, ಆ ಕಾರು ನಮ್ದಲ್ಲ ಅಂದೋನು?" ಎಂದರು ಅಜ್ಜಿ.

"ಹೌದಮ್ಮ, ನಾನೇ," ಎಂದರು ಭಾವ. ಮುಗಿಯಿತು ಎಂದುಕೊಂಡೆ.

"ನಮ್ದಲ್ಲ ಅಂತ ನಂಗೂ ಗೊತ್ತು ಬುಡಪ್ಪ. ನಮ್ಮಪ್ಪಂಗೆ ಎಲ್ಲಿಂದ ಬರ್ಬೇಕು ಕಾರು? ಒಂದ್ ಜತೆ ಎತ್ತಿದ್ವು, ಅದೇ ದೊಡ್ಡದು."

ಬಾಗಿಲಲ್ಲಿ ನಿಂತಿದ್ದ ಹರೀಶನ ಅಪ್ಪ, "ಅಮ್ಮಾ!" ಎಂದರು.

"ನೀನ್ ಸುಮ್ಕಿರು. ಜನದ ಮುಂದೆ ಜಂಬ ಕೊಚ್ಕೊಳ್ಳಿ, ಗಂಡ್ಮಗ ಅಂತ ಬುಟ್ಟಿದ್ದೆ." ಅಜ್ಜಿ ಭಾವನ ಕಡೆ ತಿರುಗಿದರು. "ಆದ್ರೆ ಅದು ಓಡ್ತಪ್ಪ. ನಮ್ಮಪ್ಪ ನನ್ನ ತೊಡೆ ಮ್ಯಾಲೆ ಕೂರಿಸ್ಕಂಡು ಕೆರೆ ಏರಿ ಗಂಟ ಓಗಿದ್ವಿ. ಗಾಳಿ ಅಂದ್ರೆ ಗಾಳಿ! ಕಣ್ ಬುಡಕ್ಕಾಗ್ತಿರ್ನಿಲ್ಲ. ಇಳಿದ್ ಮ್ಯಾಲೂ ನಗ್ತಾನೇ ಇದ್ದೆ, ಅದ್ಕೇ ಪೋಟದಾಗೆ ಮಖ ಅಂಗೆ ಬಂದೈತೆ. ಮುಂದಿನ್ ಸುಗ್ಗಿ ಒತ್ಗೆ ಅಪ್ಪ ಇರ್ನಿಲ್ಲ. ಅವನ್ ದನಿ ಗ್ಯಾಪ್ಕ ಇಲ್ಲ ನಂಗೆ. ಎತ್ಕಂಡಿದ್ದು ಆಡ್ಸಿದ್ದು ಒಂದೂ ಗ್ಯಾಪ್ಕ ಇಲ್ಲ. ಆ ಗಾಳಿ ಒಂದೇ. ಈಗ ನಮ್ ಉಡ್ಗ ಬಂದು, ಕಾರು ಓಡ್ತಾನೇ ಇರ್ಲಿಲ್ವಂತೆ ಅಜ್ಜಿ, ಎತ್ತು ಕಟ್ಟಿ ಎಳ್ಕಂಡ್ ಬಂದಿದ್ದಂತೆ ಅಂತಾನೆ." ಭಾವನ ಕಡೆ ಬಗ್ಗಿದರು. "ಅಂಗಾರೆ ಆ ಗಾಳಿ ಎಲ್ಲಿಂದ ಬಂತಪ್ಪ?"

ಅಜ್ಜಿ ದಿಂಬಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಮೂಲ ಫೋಟೋ ತೆಗೆದು ಭಾವನ ಕೈಗೆ ಕೊಟ್ಟರು. ಅಂಗೈಯಷ್ಟೇ ಅಗಲದ್ದು. ಗೋಡೆಯ ಮೇಲಿನ ದೊಡ್ಡ ಫೋಟೋ ಇದರಿಂದಲೇ ಮಾಡಿಸಿದ್ದು.

ಭಾವ ಭೂತಗನ್ನಡಿ ತೆಗೆದರು. ಅಂಗಿಯ ತುದಿಯಿಂದ ಒರೆಸಿಕೊಂಡರು. ಕಿಟಕಿಯ ಬೆಳಕಿಗೆ ತಿರುಗಿ ನೋಡತೊಡಗಿದರು. ಎಷ್ಟು ಹೊತ್ತು ನೋಡಿದರೆಂದರೆ ಹೊರಗೆ ಹಸು ಎರಡು ಸಲ ಕೂಗಿತು. ನಾನು ಅವರ ಹೆಗಲ ಮೇಲಿನಿಂದ ಬಗ್ಗಿದೆ. ಈ ಫೋಟೋದಲ್ಲಿ ಎಲ್ಲವೂ ಇನ್ನೂ ಸ್ಪಷ್ಟವಾಗಿತ್ತು. ಕಲ್ಲು, ಹಗ್ಗ. ಬಾಲ ಮಾತ್ರ ಕಾಣಲಿಲ್ಲ. ಯಾಕೆಂದರೆ ಭಾವ ತಮ್ಮ ಹೆಬ್ಬೆರಳನ್ನು ಸರಿಯಾಗಿ ಅದರ ಮೇಲಿಟ್ಟು ಹಿಡಿದಿದ್ದರು.

"ಓಡಿದೆ ಅಮ್ಮ," ಎಂದರು.

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ನಾನು ಅವತ್ತು ಗೋಡೆ ಮೇಲಿಂದು ನೋಡಿ ಹೇಳ್ದೆ, ಅದು ಸರಿಯಾಗಿಲ್ಲ. ಇದ್ರಲ್ಲಿ ಗೊತ್ತಾಗುತ್ತೆ. ಇಲ್ಲಿ ನೋಡಿ, ಚಕ್ರದ ಮೇಲೆ ಬೆಳ್ಳಗೆ ಕಾಣ್ತಾ ಇದೆಯಲ್ಲ, ಧೂಳು. ಕೆರೆ ಏರಿ ಧೂಳು. ಆಗಷ್ಟೇ ಓಡಿ ಬಂದು ನಿಂತಿರೋದು."

ಅಜ್ಜಿ ಭೂತಗನ್ನಡಿಯೊಳಗೆ ಕಣ್ಣಿಟ್ಟು ನೋಡಿದರು. "ಮತ್ತೆ ಕಲ್ಲು ಕೊಟ್ಟವ್ರೆ ಅಂದ್ಯಂತೆ?"

"ಓಡೋ ಕಾರಿಗೇ ಅಲ್ವೇನಮ್ಮ ಕಲ್ಲು ಕೊಡೋದು?" ಎಂದರು ಭಾವ. "ಓಡದೇ ಇರೋದಕ್ಕೆ ಯಾಕೆ ಬೇಕು ಕಲ್ಲು?"

ಅಜ್ಜಿ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ, ಮೈಯೆಲ್ಲ ಅಲುಗುವ ಹಾಗೆ ನಕ್ಕರು. ಭಾವನ ಕೈಯನ್ನು ಎರಡು ಸಲ ತಟ್ಟಿ, "ಊಟ ಮಾಡ್ಕಂಡೋಗು," ಎಂದರು. ಬಾಗಿಲಲ್ಲಿದ್ದ ಮಗನಿಗೆ, "ಇವ್ರ ಮನೆ ಉಡ್ಗೀನೇ ತತ್ತಾ. ಕಣ್ ಸೂಕ್ಸ್ಮ ಇರೋ ಜನ," ಎಂದು ಅಪ್ಪಣೆ ಕೊಟ್ಟರು. ಹರೀಶನ ಅಪ್ಪ ನಮ್ಮನ್ನು ನೋಡಲಾಗದೆ ನೆಲ ನೋಡುತ್ತ, ತಾವೇ ಹೋಗಿ ಎಲೆ ಅಡಿಕೆಯ ತಟ್ಟೆ ತಂದರು. ಆ ದಿನ ಅಜ್ಜಿ ನಮ್ಮ ಜತೆ ಮುದ್ದೆ ಉಂಡರು.

ಹಿಂತಿರುಗುವಾಗ ಟಿನ್ ಫ್ಯಾಕ್ಟರಿ ಸಿಗ್ನಲ್ ಹತ್ತಿರ ಎಂದಿನಂತೆ ಸಿಕ್ಕಿಕೊಂಡೆವು. ಮುಂದೆ ಬಸ್ಸು, ಹಿಂದೆ ಬಸ್ಸು, ಪಕ್ಕದಲ್ಲಿ ಸಂದಿಯಿದ್ದಲ್ಲೆಲ್ಲ ಬೈಕು. ಮುಂದಿನ ಬಸ್ಸಿನ ಬೋರ್ಡಿನಲ್ಲಿದ್ದ ಕಾಗುಣಿತದ ತಪ್ಪನ್ನು ಕೂಡ ಭಾವ ತೋರಿಸಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ನನಗೆ ಗಾಬರಿಯಾಯಿತು.

ಸಿಗ್ನಲ್ ಹಸಿರಾಗಿ, ಯಾರೂ ಅಲುಗದೆ, ಮತ್ತೆ ಕೆಂಪಾಯಿತು.

"ಪದ್ಮ," ಎಂದರು ಭಾವ, ಕಿಟಕಿಯ ಹೊರಗೆ ನೋಡುತ್ತಲೇ. "ಚಕ್ರದ ಮೇಲೆ ಇದ್ದಿದ್ದು ಧೂಳಲ್ಲ. ಬೂಷ್ಟು. ಫೋಟೋಗೆ ಬೂಷ್ಟು ಹಿಡಿದಿದೆ."

"ಹೌದಾ ಭಾವ," ಎಂದೆ.

"ಆಯಮ್ಮಂಗೆ ಹೇಳ್ಬೇಡ ಕಣೇ."